ಎರಡು ಸೆಟ್‌ಗಳ ನಡುವೆ ಎಷ್ಟು ಹೊತ್ತು ಕಾಯಬೇಕು

ಭಾರ ಎತ್ತುವ ವ್ಯಾಯಾಮ ಮಾಡುವವರು ಎಷ್ಟು ಕೆಜಿ ಎತ್ತಬೇಕು, ಎಷ್ಟು ಸೆಟ್ (ನಡುವೆ ನಿಲ್ಲದೆ ಸತತವಾಗಿ ಎತ್ತುವ ಒಂದು ಸುತ್ತು) ಮಾಡಬೇಕು, ಏನು ತಿನ್ನಬೇಕು ಎಂಬುದನ್ನೆಲ್ಲ ಬಹಳ ವಿಚಾರಿಸುತ್ತಾರೆ. ಒಂದು ಸೆಟ್ ಮುಗಿದು ಇನ್ನೊಂದು ಆರಂಭವಾಗುವವರೆಗಿನ ಬಿಡುವಿನ ಬಗ್ಗೆ ಕೇಳುವವರು ಮಾತ್ರ ವಿರಳ. ಸಂಜೆ ಏಳರ ಹೊತ್ತಿಗೆ ಮೈಸೂರಿನ ಕುವೆಂಪುನಗರದಲ್ಲಾಗಲಿ ಮಂಡ್ಯದ ವಿದ್ಯಾನಗರದಲ್ಲಾಗಲಿ ಯಾವ ಜಿಮ್‌ಗೆ ಹೋದರೂ ಎರಡು ಬಗೆಯವರು ಕಣ್ಣಿಗೆ ಬೀಳುತ್ತಾರೆ. ಬೆವರು ಆರಿದರೆ ವ್ಯಾಯಾಮದ ಫಲವೇ ಹೋಯಿತೆಂಬಂತೆ ಅರ್ಧ ನಿಮಿಷವೂ ನಿಲ್ಲದೆ ಮತ್ತೆ ಭಾರದ ಸರಳಿಗೆ, ಅಂದರೆ ಬಾರ್‌ಗೆ, ಕೈ ಹಾಕುವವರು ಒಂದು ಕಡೆ, ಬೆಂಚಿನ ಮೇಲೆ ಕುಳಿತು ಮೊಬೈಲ್ ನೋಡುತ್ತಾ ಹತ್ತು ನಿಮಿಷ ಕಳೆದುಬಿಡುವವರು ಇನ್ನೊಂದು ಕಡೆ. ಇಬ್ಬರೂ ಬಿಡುವನ್ನು ವ್ಯಾಯಾಮದ ಹೊರಗಿನ ಸಮಯವೆಂದೇ ತಿಳಿದಿರುತ್ತಾರೆ.

ಮುಂದಿನ ಸೆಟ್‌ನಲ್ಲಿ ನೀವು ಎಷ್ಟು ಕೆಲಸ ಮಾಡಬಲ್ಲಿರಿ, ಎಷ್ಟು ಸರಿಯಾದ ಭಂಗಿಯಲ್ಲಿ ಮಾಡಬಲ್ಲಿರಿ, ಮಾರನೆಯ ದಿನ ಯಾವ ಸ್ಥಿತಿಯಲ್ಲಿ ಏಳುತ್ತೀರಿ ಎಂಬುದರಲ್ಲಿ ಈ ಬಿಡುವಿನ ಪಾಲು ದೊಡ್ಡದು. ಬಿಡುವು ಕಡಿಮೆ ಮಾಡಿದರೆ ಸ್ನಾಯು ಹೆಚ್ಚು ಮುರಿದು ಹೆಚ್ಚು ಬೆಳೆಯುತ್ತದೆ ಎಂಬ ಮಾತು ಜಿಮ್‌ಗಳಲ್ಲಿ ಬಲವಾಗಿ ಬೇರೂರಿದೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ, ಅದನ್ನು ಬಿಟ್ಟು ಯಾವ ಲೆಕ್ಕ ಹಿಡಿದು ಕಾಯಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಬಿಡುವಿನಲ್ಲಿ ಸ್ನಾಯುವಿನೊಳಗೆ ನಡೆಯುವುದು

ಸ್ನಾಯು ಸಂಕೋಚಿಸಲು ನೇರವಾಗಿ ಬಳಸುವ ಇಂಧನವೆಂದರೆ ಎಟಿಪಿ. ಅದರ ಸಂಗ್ರಹ ಬಹಳ ಸಣ್ಣದು; ಪೂರ್ತಿ ಬಲ ಹಾಕಿದರೆ ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು. ಖರ್ಚಾದ ಎಟಿಪಿಯನ್ನು ಆ ಕ್ಷಣದಲ್ಲೇ ಮರಳಿ ಕಟ್ಟಿಕೊಡುವುದು ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್. ಅದೂ ಸುಮಾರು ಹತ್ತು ಸೆಕೆಂಡುಗಳ ತೀವ್ರ ಶ್ರಮದಲ್ಲಿ ಬಹುಮಟ್ಟಿಗೆ ಕರಗುತ್ತದೆ, ಆಮೇಲೆ ಸ್ನಾಯು ತನ್ನಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜನ್ನನ್ನು ಆಮ್ಲಜನಕಕ್ಕೆ ಕಾಯದೆ ಒಡೆದು ಕೆಲಸ ಮುಂದುವರಿಸುತ್ತದೆ. ಬಾರ್ ಕೆಳಗಿಟ್ಟ ಮರುಗಳಿಗೆಯಿಂದ ಕ್ರಿಯಾಟಿನ್ ಫಾಸ್ಫೇಟ್ ಮತ್ತೆ ತುಂಬತೊಡಗುತ್ತದೆ. ಮೊದಲ ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಸುಮಾರು ಅರ್ಧದಷ್ಟು ಮರಳುತ್ತದೆ. ಉಳಿದದ್ದು ನಿಧಾನವಾಗಿ ತುಂಬುತ್ತಾ, ಮೂರರಿಂದ ಐದು ನಿಮಿಷಗಳಲ್ಲಿ ಬಹುಪಾಲು ಮೊದಲಿನ ಮಟ್ಟಕ್ಕೆ ಬರುತ್ತದೆ. ಸುಸ್ತಾಗಿ ಬಾರ್ ಎತ್ತಲಾಗದ ಹಂತದವರೆಗೆ ಸೆಟ್ ಎಳೆದಿದ್ದರೆ ಇದಕ್ಕೆ ಇನ್ನಷ್ಟು ಹೊತ್ತು ಬೇಕಾಗುತ್ತದೆ.

ಈ ಮರುಪೂರಣಕ್ಕೆ ಆಮ್ಲಜನಕ ಬೇಕು. ಹಾಗಾಗಿ ಬಿರುಸಿನ ನಡಿಗೆ, ಸೈಕಲ್, ಈಜು ಮುಂತಾದವುಗಳಿಂದ ದಮ್ಮು ಬೆಳೆಸಿಕೊಂಡವರು ಸೆಟ್‌ಗಳ ನಡುವೆ ಬೇಗ ಚೇತರಿಸಿಕೊಳ್ಳುತ್ತಾರೆ. ಭಾರ ಎತ್ತುವವನಿಗೆ ನಡಿಗೆ ಏಕೆ ಎಂದು ಕೇಳುವವರು ವಾರದಲ್ಲಿ ಮೂರ್ನಾಲ್ಕು ದಿನ ಕುಕ್ಕರಹಳ್ಳಿ ಕೆರೆಯ ಏರಿಯನ್ನು ಬಿರುಸಾಗಿ ಸುತ್ತಿ, ಕೆಲವು ವಾರಗಳ ನಂತರ ತಮ್ಮ ಮೂರನೆಯ ಸೆಟ್ ಹೇಗಿದೆ ಎಂದು ಗಮನಿಸಬೇಕು.

ಸೆಟ್‌ನ ಕೊನೆಯಲ್ಲಿ ಸ್ನಾಯು ಉರಿಯುವುದು ಲ್ಯಾಕ್ಟಿಕ್ ಆಮ್ಲದಿಂದ, ಅದೇ ಮಾರನೆಯ ದಿನದವರೆಗೆ ಉಳಿದು ನೋವು ಕೊಡುತ್ತದೆ ಎಂಬ ತಿಳಿವಳಿಕೆ ಇನ್ನೂ ಎಲ್ಲೆಡೆ ಇದೆ. ಆ ಹೊತ್ತಿನ ಉರಿ ಗ್ಲೈಕೋಜನ್ ಒಡೆಯುವಾಗ ಒಟ್ಟುಗೂಡುವ ಪದಾರ್ಥಗಳಿಗೆ ಸಂಬಂಧಿಸಿದ್ದು ನಿಜ. ಆದರೆ ಲ್ಯಾಕ್ಟೇಟ್ (ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ಇರುವ ರೂಪ) ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಮಾಮೂಲಿನ ಮಟ್ಟಕ್ಕೆ ಇಳಿದಿರುತ್ತದೆ. ಹೃದಯ ಮತ್ತು ಇತರ ಸ್ನಾಯುಗಳು ಅದನ್ನೇ ಇಂಧನವಾಗಿ ಬಳಸಿಕೊಳ್ಳುತ್ತವೆ. ಮಾರನೆಯ ದಿನದ ನೋವಿನ ಮೂಲ ಬೇರೆ.

ಮಾರನೆಯ ದಿನದ ನೋವು

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರಿಗೆ ಈ ವಿಷಯ ಮೈಯಿಂದಲೇ ಗೊತ್ತಿರುತ್ತದೆ. ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ಉಸಿರು ಮೇಲಕ್ಕೆ ಬರುತ್ತದೆ, ದೊಡ್ಡ ನಂದಿಯ ಬಳಿ ಕುಳಿತುಬಿಡೋಣ ಎನಿಸುತ್ತದೆ. ಇಳಿಯುವಾಗ ಉಸಿರಿಗೆ ಕಷ್ಟವೇ ಇಲ್ಲ. ಆದರೂ ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ತೊಡೆಯ ಮುಂಭಾಗ ಹಿಡಿದುಕೊಳ್ಳುವುದಕ್ಕೆ, ಮನೆಯ ನಾಲ್ಕು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುವುದಕ್ಕೆ ಮುಖ್ಯ ಕಾರಣ ಆ ಇಳಿತವೇ. ಪ್ರತಿ ಮೆಟ್ಟಿಲಿಗೂ ತೊಡೆಯ ಸ್ನಾಯು ಮೈಭಾರವನ್ನು ತಡೆಯುತ್ತಾ ಉದ್ದವಾಗುತ್ತದೆ. ಹೀಗೆ ಬಲ ಹಾಕುತ್ತಲೇ ಹಿಗ್ಗುವ ಕೆಲಸ ಸ್ನಾಯುತಂತುಗಳಿಗೆ ಹೆಚ್ಚು ಪೆಟ್ಟು ಕೊಡುತ್ತದೆ. ಜಿಮ್‌ನಲ್ಲಿ ಸ್ಕ್ವಾಟ್ ಮಾಡುತ್ತಾ ಕೆಳಗೆ ಕೂರುವುದು, ಬೆಂಚ್ ಪ್ರೆಸ್‌ನಲ್ಲಿ ಬಾರನ್ನು ಎದೆಯತ್ತ ಇಳಿಸುವುದು, ಡಂಬೆಲ್ಲನ್ನು ತಡೆದು ತಡೆದು ಕೆಳಗೆ ತರುವುದು ಎಲ್ಲವೂ ಇದೇ ಜಾತಿಯ ಕೆಲಸ.

ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡರ್ ಹಫ್ 1902ರಲ್ಲೇ, ವ್ಯಾಯಾಮದ ಮಾರನೆಯ ದಿನ ಬರುವ ನೋವಿಗೆ ಸ್ನಾಯುವಿನೊಳಗಿನ ಸೂಕ್ಷ್ಮ ಸೀಳುಗಳು ಕಾರಣವಿರಬೇಕೆಂದು ಬರೆದಿದ್ದರು. 1980ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟ ಸ್ನಾಯುವಿನ ಚೂರುಗಳಲ್ಲಿ, ತಂತುಗಳನ್ನು ಅಡ್ಡಲಾಗಿ ಹಿಡಿದಿಡುವ ರೇಖೆಗಳು ಓರೆಕೋರೆಯಾಗಿ ಹರಡಿಕೊಂಡಿರುವುದು ಕಂಡಿತು. ತಂತುವಿನ ಕೆಲವು ದುರ್ಬಲ ಭಾಗಗಳು ಅತಿಯಾಗಿ ಹಿಗ್ಗುತ್ತವೆ, ಜೀವಕೋಶದೊಳಗೆ ಕ್ಯಾಲ್ಸಿಯಂ ಸೋರುತ್ತದೆ, ಪೊರೆಗೆ ಪೆಟ್ಟಾಗಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೇರುತ್ತದೆ, ಬಳಿಕ ಬಿಳಿ ರಕ್ತಕಣಗಳು ಬಂದು ಹಾಳಾದದ್ದನ್ನು ತೆರವು ಮಾಡಿ ದುರಸ್ತಿಗೆ ದಾರಿ ಮಾಡುತ್ತವೆ. ನೋವು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ನಂತರ ತಲೆಯೆತ್ತಿ, ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ಹೆಚ್ಚಾಗಿ, ವಾರದೊಳಗೆ ಹೋಗುತ್ತದೆ. ಹಾನಿಯ ನಂಬಲರ್ಹ ಗುರುತು ಮಾತ್ರ ನೋವಿಗಿಂತ ಬಲ ಕುಗ್ಗುವುದು. ನೋವು ಬಹಳವಿದ್ದು ಬಲ ಅಷ್ಟೇನೂ ಕುಗ್ಗದಿರಬಹುದು. ನೋವೇ ಇಲ್ಲದೆ ಬಲ ಕುಗ್ಗಿರಲೂಬಹುದು.

ಒಂದು ಬಾರಿ ಇಂಥ ಪೆಟ್ಟು ತಿಂದ ಸ್ನಾಯು ಅದೇ ಕೆಲಸ ಎರಡನೆಯ ಸಲ ಬಂದಾಗ ಬಹಳ ಕಡಿಮೆ ಹಾನಿಗೊಳಗಾಗುತ್ತದೆ, ಮತ್ತು ಈ ರಕ್ಷಣೆ ಕೆಲವು ವಾರಗಳವರೆಗೆ ಉಳಿಯುತ್ತದೆ. ಬೆಟ್ಟವನ್ನು ವಾರಕ್ಕೊಮ್ಮೆ ಹತ್ತಿ ಇಳಿಯುವವರಿಗೆ ತೊಡೆ ಹಿಡಿಯದಿರುವುದು ಇದರಿಂದಲೇ. ನೋವು ಬರುವುದು ನಿಂತಿತು, ಇನ್ನು ವ್ಯಾಯಾಮ ಫಲ ಕೊಡುತ್ತಿಲ್ಲ ಎಂದು ಚಿಂತಿಸುವ ಹುಡುಗರಿಗೆ ಈ ಮಾತನ್ನು ಒತ್ತಿ ಹೇಳಬೇಕು: ಸ್ನಾಯು ಬೆಳೆಯಲು ಮುಖ್ಯವಾಗಿ ಬೇಕಾದದ್ದು ಸಾಕಷ್ಟು ಎಳೆತ ಮತ್ತು ಸಾಕಷ್ಟು ಕೆಲಸ. ಹಾನಿ ಅದರ ಜೊತೆಗೆ ಬರುವ ಖರ್ಚು.

ಬಿಡುವು ಕಡಿಮೆಯಾದರೆ ಹಾನಿ ಹೆಚ್ಚುತ್ತದೆಯೇ

ಇದನ್ನು ಹಲವರು ಪರೀಕ್ಷಿಸಿದ್ದಾರೆ, ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ. ಒಂದು ನಿಮಿಷದ ಬಿಡುವು ಮತ್ತು ಮೂರು ನಿಮಿಷದ ಬಿಡುವನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಕ್ತದಲ್ಲಿನ ಕ್ರಿಯಾಟಿನ್ ಕೈನೇಸ್ ಮಟ್ಟದಲ್ಲಾಗಲಿ ನೋವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ; ಮಾಡಿದ ಒಟ್ಟು ಕೆಲಸ ಮಾತ್ರ ಬಿಡುವಿನ ಉದ್ದಕ್ಕೆ ತಕ್ಕಂತೆ ಬದಲಾಯಿತು. ಬೇರೆ ಕೆಲವು ಪರೀಕ್ಷೆಗಳಲ್ಲಿ ಕಿರು ಬಿಡುವಿನವರ ಕಿಣ್ವದ ಮಟ್ಟ ಹೆಚ್ಚಾಗಿ ಕಂಡಿದೆ. ಈ ಕಿಣ್ವ ಒಬ್ಬರಿಂದೊಬ್ಬರಿಗೆ ವಿಪರೀತ ವ್ಯತ್ಯಾಸವಾಗುತ್ತದೆ. ಒಂದೇ ವ್ಯಾಯಾಮ ಮಾಡಿದ ಇಬ್ಬರಲ್ಲಿ ಒಬ್ಬರದು ಸ್ವಲ್ಪವೇ ಏರಿ ಇನ್ನೊಬ್ಬರದು ಹತ್ತಾರು ಪಟ್ಟು ಏರಬಹುದು. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನ್ನ ತೀರ್ಮಾನ ಇಷ್ಟು: ಬಿಡುವಿನ ಉದ್ದವೊಂದೇ ಹಾನಿಯನ್ನು ನಿರ್ಧರಿಸುವುದಿಲ್ಲ. ಎಷ್ಟು ಸೆಟ್, ಎಷ್ಟು ಭಾರ, ಭಾರ ಇಳಿಸುವ ಕೆಲಸ ಎಷ್ಟು, ಆ ವ್ಯಾಯಾಮ ಮೈಗೆ ಎಷ್ಟು ಹೊಸದು, ಕೈಸೋಲುವ ಹಂತಕ್ಕೆ ಎಷ್ಟು ಹತ್ತಿರ ಹೋದಿರಿ ಎಂಬವು ಹೆಚ್ಚು ನಿರ್ಣಾಯಕ. ಕಿರು ಬಿಡುವು ತೊಂದರೆ ಕೊಡುವುದು ಇವುಗಳಲ್ಲಿ ಕೊನೆಯದರ ಮೂಲಕ.

ಅದು ಹೇಗೆಂದು ಒಂದು ಉದಾಹರಣೆಯಲ್ಲಿ ನೋಡೋಣ. ಒಬ್ಬರು 60 ಕೆಜಿ ಬೆಂಚ್ ಪ್ರೆಸ್‌ನ ಮೊದಲ ಸೆಟ್‌ನಲ್ಲಿ ಹತ್ತು ಸಲ ಎತ್ತಿದರು ಎನ್ನಿ. ಒಂದೇ ನಿಮಿಷ ಕಾದು ಮುಂದುವರಿದರೆ ಎರಡನೆಯ ಸೆಟ್‌ನಲ್ಲಿ ಏಳು, ಮೂರನೆಯದರಲ್ಲಿ ಐದಕ್ಕೆ ಕೈಸೋಲುವುದು ಸಾಮಾನ್ಯ. ಮೂರು ನಿಮಿಷ ಕಾದರೆ ಅದೇ ವ್ಯಕ್ತಿಗೆ ಒಂಬತ್ತು ಮತ್ತು ಎಂಟು ಸಾಧ್ಯವಾಗಬಹುದು. ಮೊದಲ ಲೆಕ್ಕದಲ್ಲಿ ಒಟ್ಟು 22 ಎತ್ತುವಿಕೆ, 1,320 ಕೆಜಿ. ಎರಡನೆಯದರಲ್ಲಿ 27 ಎತ್ತುವಿಕೆ, 1,620 ಕೆಜಿ. ಕಿರು ಬಿಡುವಿನವರು ಹೆಚ್ಚು ಸುಸ್ತಾಗಿಯೂ ಕಡಿಮೆ ಕೆಲಸ ಮಾಡಿದಂತಾಯಿತು. ಅದಕ್ಕಿಂತ ಮುಖ್ಯವಾಗಿ, ಅವರ ಎರಡನೆಯ ಮತ್ತು ಮೂರನೆಯ ಸೆಟ್‌ಗಳೆರಡೂ ಕೈಸೋಲುವ ಹಂತದಲ್ಲೇ ಮುಗಿದವು. ಕೈಸೋಲುವವರೆಗೆ ಎಳೆದ ಸೆಟ್‌ಗಳು ಹೆಚ್ಚಿದಷ್ಟೂ ಬಲ ಮರಳಲು ಒಂದೆರಡು ದಿನ ಹೆಚ್ಚಿಗೆ ಹಿಡಿಯುತ್ತದೆ. ಸೋತ ಕೈಯಲ್ಲಿ ಭಂಗಿಯೂ ಕೆಡುತ್ತದೆ: ಸೊಂಟ ಬೆಂಚಿನಿಂದ ಮೇಲೇಳುತ್ತದೆ, ಸ್ಕ್ವಾಟ್‌ನಲ್ಲಿ ಮಂಡಿಗಳು ಒಳಕ್ಕೆ ವಾಲುತ್ತವೆ, ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಬಾಗುತ್ತದೆ. ಸ್ನಾಯು ನೋವು ವಾರದಲ್ಲಿ ಹೋಗುತ್ತದೆ; ಬಾಗಿದ ಬೆನ್ನಿನಲ್ಲಿ ಭಾರ ಎತ್ತಿ ಸೊಂಟ ಹಿಡಿಸಿಕೊಂಡವರು ತಿಂಗಳುಗಟ್ಟಲೆ ಕಷ್ಟಪಡಬೇಕಾಗಬಹುದು.

ಬೆಳವಣಿಗೆಯ ದೃಷ್ಟಿಯಿಂದಲೂ ಕಾಯುವುದರಲ್ಲಿ ನಷ್ಟವಿಲ್ಲ. ಬಿಡುವು ಕಡಿಮೆಯಾದರೆ ವ್ಯಾಯಾಮದ ನಂತರ ಬೆಳವಣಿಗೆಯ ಹಾರ್ಮೋನ್ ಹೆಚ್ಚು ಏರುತ್ತದೆ ಎಂಬುದನ್ನು ಹಿಡಿದು, ದಶಕಗಳ ಕಾಲ ಒಂದು ನಿಮಿಷದ ಬಿಡುವನ್ನೇ ಸ್ನಾಯು ಬೆಳೆಸುವವರಿಗೆ ಶಿಫಾರಸು ಮಾಡಲಾಗುತ್ತಿತ್ತು. ಆ ಏರಿಕೆ ಅಲ್ಪಕಾಲದ್ದು, ಸ್ನಾಯುವಿನ ಗಾತ್ರಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂಬುದು ಆಮೇಲೆ ತಿಳಿಯಿತು. ಅಮೆರಿಕದ ವ್ಯಾಯಾಮ ವಿಜ್ಞಾನಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ವ್ಯಾಯಾಮದ ಅಭ್ಯಾಸವಿದ್ದ 21 ಯುವಕರು ಎಂಟು ವಾರ, ವಾರಕ್ಕೆ ಮೂರು ದಿನ, ಒಂದೇ ಕ್ರಮವನ್ನು ಅನುಸರಿಸಿದರು. ಒಂದು ಗುಂಪು ಸೆಟ್‌ಗಳ ನಡುವೆ ಒಂದು ನಿಮಿಷ, ಇನ್ನೊಂದು ಮೂರು ನಿಮಿಷ ಕಾಯುತ್ತಿತ್ತು. ಬೆಂಚ್ ಪ್ರೆಸ್ ಮತ್ತು ಸ್ಕ್ವಾಟ್‌ನ ಬಲ ಹಾಗೂ ತೊಡೆಯ ಮುಂಭಾಗದ ಸ್ನಾಯುವಿನ ದಪ್ಪ ಮೂರು ನಿಮಿಷದವರಲ್ಲೇ ಹೆಚ್ಚಾದವು. ಅದೇ ವರ್ಷದ ಇನ್ನೊಂದು ಅಧ್ಯಯನ, ಐದು ನಿಮಿಷ ಕಾದವರ ಸ್ನಾಯುವಿನಲ್ಲಿ ವ್ಯಾಯಾಮದ ನಂತರದ ಮೊದಲ ನಾಲ್ಕು ಗಂಟೆಗಳಲ್ಲಿ ಹೊಸ ಪ್ರೋಟೀನ್ ಕಟ್ಟುವ ವೇಗ ಒಂದು ನಿಮಿಷ ಕಾದವರಿಗಿಂತ ಹೆಚ್ಚಾಗಿತ್ತೆಂದು ತೋರಿಸಿತು. ಇವು ಸಣ್ಣ ಗುಂಪುಗಳ ಮೇಲಿನ ಪರೀಕ್ಷೆಗಳೆಂಬುದು ನೆನಪಿರಬೇಕು. ಬೇರೆ ಅಧ್ಯಯನಗಳನ್ನೂ ಸೇರಿಸಿ ನೋಡಿದಾಗ ಒಂದು ನಿಮಿಷಕ್ಕಿಂತ ಕಡಿಮೆ ಕಾಯುವುದು ಲಾಭಕರವಲ್ಲ, ಒಂದೂವರೆ ಎರಡು ನಿಮಿಷ ದಾಟಿದ ಮೇಲೆ ಗಾತ್ರದ ಮಟ್ಟಿಗೆ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ ಎಂಬ ಚಿತ್ರ ಸಿಗುತ್ತದೆ.

ಎಷ್ಟು ನಿಮಿಷ

ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ಓವರ್‌ಹೆಡ್ ಪ್ರೆಸ್‌ನಂಥ ದೊಡ್ಡ ವ್ಯಾಯಾಮಗಳನ್ನು ಒಂದರಿಂದ ಐದು ಸಲ ಮಾತ್ರ ಎತ್ತಬಲ್ಲ ಭಾರದಲ್ಲಿ ಮಾಡುವಾಗ ಮೂರರಿಂದ ಐದು ನಿಮಿಷ ಕಾಯಬೇಕು. ಅವೇ ವ್ಯಾಯಾಮಗಳನ್ನು ಆರರಿಂದ ಹನ್ನೆರಡು ಸಲ ಎತ್ತುವ ಭಾರದಲ್ಲಿ ಮಾಡಿದರೆ ಎರಡರಿಂದ ಮೂರು ನಿಮಿಷ ಸಾಕು. ಬೈಸೆಪ್ಸ್ ಕರ್ಲ್, ಟ್ರೈಸೆಪ್ಸ್ ಪುಶ್‌ಡೌನ್, ಲೆಗ್ ಎಕ್ಸ್‌ಟೆನ್ಶನ್, ಮೀನಖಂಡದ ವ್ಯಾಯಾಮ ಮುಂತಾಗಿ ಒಂದೇ ಕೀಲು ಬಳಸುವವಕ್ಕೆ ಒಂದರಿಂದ ಒಂದೂವರೆ ನಿಮಿಷ. ದಮ್ಮು ಬೆಳೆಸುವುದೇ ಗುರಿಯಾಗಿ, ಹಗುರ ಭಾರದಲ್ಲಿ ಹದಿನೈದು ಇಪ್ಪತ್ತು ಸಲ ಎತ್ತುವವರು ಅರ್ಧ ನಿಮಿಷದಿಂದ ಒಂದು ನಿಮಿಷ ಇಟ್ಟುಕೊಳ್ಳಬಹುದು. ಅದನ್ನು ಬಲ ಹೆಚ್ಚಿಸುವ ದಿನದ ಜೊತೆ ಬೆರೆಸಬಾರದು. ಹೊಸದಾಗಿ ಸೇರಿದವರು ಎತ್ತುವ ಭಾರವೇ ಕಡಿಮೆಯಾದ್ದರಿಂದ ಎಲ್ಲಕ್ಕೂ ಎರಡು ನಿಮಿಷ ಎಂಬ ಒಂದೇ ನಿಯಮ ಹಿಡಿದರೆ ಸಾಕಾಗುತ್ತದೆ. ಮಹಿಳೆಯರು ಸರಾಸರಿಯಲ್ಲಿ ಪುರುಷರಿಗಿಂತ ಬೇಗ ಚೇತರಿಸಿಕೊಳ್ಳುವುದು ಹಲವು ಪರೀಕ್ಷೆಗಳಲ್ಲಿ ಕಂಡಿದೆ, ಆದ್ದರಿಂದ ಅವರಿಗೆ ಮೇಲಿನ ಅವಧಿಗಳ ಕೆಳಗಿನ ಅಂಚು ಹೊಂದಬಹುದು. ರಕ್ತದೊತ್ತಡ, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರ ಒಪ್ಪಿಗೆ ಪಡೆದು, ಉಸಿರು ಬಿಗಿಹಿಡಿಯದೆ ಎತ್ತುವುದನ್ನು ಕಲಿತು, ಎದೆಬಡಿತ ಇಳಿಯುವವರೆಗೆ ಕಾಯಬೇಕು.

ಗಡಿಯಾರ ಹೇಳುವುದು ಸರಾಸರಿ ಲೆಕ್ಕವನ್ನು. ಅದರ ಜೊತೆಗೆ ಮೈಯ ಮೂರು ಸೂಚನೆಗಳನ್ನು ನೋಡಿಕೊಳ್ಳಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರೆಳೆಯದೆ ಆಡಲು ಬರಬೇಕು. ಕೆಲಸ ಮಾಡಿದ ಸ್ನಾಯುವಿನ ನಡುಕ ಮತ್ತು ಉರಿ ನಿಂತಿರಬೇಕು. ಬಾರ್ ಹಿಡಿದಾಗ ಹಿಡಿತ ಮೊದಲ ಸೆಟ್‌ನಷ್ಟೇ ಬಿಗಿಯಾಗಿ ಕೂರಬೇಕು. ಇವು ಮೂರೂ ಇದ್ದು, ಸೆಟ್‌ನ ಮೊದಲ ಎತ್ತುವಿಕೆ ಸಲೀಸಾಗಿ ಮೇಲೆದ್ದರೆ ಬಿಡುವು ಸರಿಯಾಗಿತ್ತು. ಎರಡನೆಯ ಸೆಟ್‌ನಲ್ಲಿ ಎಣಿಕೆ ಒಂದೆರಡು ಕಡಿಮೆಯಾಗುವುದು ಸಹಜ. ಮೂರು ನಾಲ್ಕು ಕಡಿಮೆಯಾಗುತ್ತಿದ್ದರೆ ಮುಂದಿನ ದಿನ ಅರ್ಧದಿಂದ ಒಂದು ನಿಮಿಷ ಹೆಚ್ಚು ಕಾಯಿರಿ.

ಬಿಡುವನ್ನು ಕಳೆಯುವ ಬಗೆ

ಬಾರನ್ನು ಸ್ಟ್ಯಾಂಡಿಗೆ ಇಟ್ಟ ಕೂಡಲೇ ಕುಸಿದು ಕೂರಬೇಡಿ. ಕಾಲಿನ ವ್ಯಾಯಾಮದ ನಂತರ ಹಾಗೆ ಮಾಡಿದರೆ ರಕ್ತ ಕಾಲುಗಳಲ್ಲೇ ನಿಂತು ತಲೆ ಸುತ್ತಬಹುದು. ಮೊದಲ ಅರ್ಧ ನಿಮಿಷ ಹತ್ತು ಹದಿನೈದು ಹೆಜ್ಜೆ ಅತ್ತಿತ್ತ ನಡೆಯಿರಿ. ಮೂಗಿನಿಂದ ಎಳೆದ ಉಸಿರನ್ನು ಬಾಯಿಂದ ನಿಧಾನವಾಗಿ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಕೈಗಳನ್ನು ಜೋಲು ಬಿಟ್ಟು ಭುಜವನ್ನು ಒಂದೆರಡು ಸಲ ಹಿಂದಕ್ಕೆ ಹೊರಳಿಸಿ. ಒಂದು ಗುಟುಕು ನೀರು ಕುಡಿಯಿರಿ. ಆಮೇಲೆ ಬೇಕಾದರೆ ಕುಳಿತುಕೊಳ್ಳಬಹುದು. ಎಷ್ಟು ಸಲ ಎತ್ತಿದಿರಿ, ಕೊನೆಯ ಎತ್ತುವಿಕೆ ಎಷ್ಟು ಕಷ್ಟವಾಯಿತು ಎಂಬುದನ್ನು ಈ ಹೊತ್ತಿನಲ್ಲೇ ಸಣ್ಣ ಪುಸ್ತಕದಲ್ಲಿ ಬರೆದಿಡಿ, ಏಕೆಂದರೆ ಮನೆಗೆ ಹೋಗಿ ಬರೆದ ಲೆಕ್ಕ ಸಾಮಾನ್ಯವಾಗಿ ಹೆಚ್ಚಾಗಿಯೇ ಇರುತ್ತದೆ. ಕೊನೆಯ ಅರ್ಧ ನಿಮಿಷದಲ್ಲಿ ಪ್ಲೇಟ್‌ಗಳ ಲಾಕ್ ನೋಡಿ, ಪಾದ ಎಲ್ಲಿಡಬೇಕೆಂದು ನಿರ್ಧರಿಸಿ. ಕೆಲಸ ಮಾಡುತ್ತಿರುವ ಸ್ನಾಯುವನ್ನೇ ಬಿಡುವಿನಲ್ಲಿ ಬಹಳ ಹೊತ್ತು ಎಳೆದು ಹಿಡಿಯುವ ಸ್ಟ್ರೆಚಿಂಗ್ ಬೇಡ. ಅದು ಮುಂದಿನ ಸೆಟ್‌ನ ಬಲವನ್ನು ಕುಗ್ಗಿಸಬಹುದು. ಮೊಬೈಲಿನ ಸ್ಟಾಪ್‌ವಾಚ್ ಉಪಯುಕ್ತ. ಅದೇ ಮೊಬೈಲಿನಲ್ಲಿ ವಿಡಿಯೋ ನೋಡಲು ಆರಂಭಿಸಿದರೆ ಮೂರು ನಿಮಿಷ ಎಂಟಾಗುವುದು ಗೊತ್ತೇ ಆಗುವುದಿಲ್ಲ, ಅಷ್ಟರಲ್ಲಿ ಮೈ ಆರಿ ಕೀಲುಗಳು ಬಿಗಿಯುತ್ತವೆ.

ಇಷ್ಟು ಹೊತ್ತು ಬೆಂಚು ಹಿಡಿದು ಕಾದರೆ ಹಿಂದೆ ನಿಂತವರು ಸುಮ್ಮನಿರುತ್ತಾರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಮ್ಮ ಗರಡಿಗಳ ಪದ್ಧತಿಯಲ್ಲೇ ಪರಿಹಾರವಿದೆ. ದಸರಾ ಕುಸ್ತಿಗೆ ತಯಾರಾಗುವ ಪೈಲ್ವಾನರು ಒಂದೇ ಗದೆಯನ್ನು ಸರದಿಯಂತೆ ತಿರುಗಿಸುವಾಗ, ಒಬ್ಬರ ಶ್ರಮದ ಹೊತ್ತು ಉಳಿದವರ ಬಿಡುವಿನ ಹೊತ್ತಾಗುತ್ತದೆ. ಜಿಮ್‌ನಲ್ಲೂ ಹೆಚ್ಚುಕಡಿಮೆ ಒಂದೇ ಭಾರ ಎತ್ತುವ ಮೂವರು ಒಂದು ಸ್ಕ್ವಾಟ್ ಸ್ಟ್ಯಾಂಡನ್ನು ಹಂಚಿಕೊಂಡರೆ, ಪ್ರತಿಯೊಬ್ಬರ ಸೆಟ್‌ಗೆ ಮುಕ್ಕಾಲು ನಿಮಿಷ, ಪ್ಲೇಟ್ ಬದಲಿಸಲು ಅರ್ಧ ನಿಮಿಷ ಹಿಡಿದರೂ ಒಬ್ಬರಿಗೆ ಮತ್ತೆ ಸರದಿ ಬರುವಷ್ಟರಲ್ಲಿ ಸುಮಾರು ಮೂರು ನಿಮಿಷ ಕಳೆದಿರುತ್ತದೆ. ಸ್ಟಾಪ್‌ವಾಚ್ ಸಹ ಬೇಕಾಗುವುದಿಲ್ಲ. ಬೆಂಚ್ ಪ್ರೆಸ್‌ನಲ್ಲಿ ಬಾರ್ ಎದೆಯ ಮೇಲೆ ಕೂತರೆ ಎತ್ತಿಕೊಡಲು ಜೊತೆಗೊಬ್ಬರು ಇದ್ದಂತೆಯೂ ಆಗುತ್ತದೆ. ಆದ್ದರಿಂದ ಸಂಜೆಯ ಗುಂಪಿನಲ್ಲಿ, “ಅಣ್ಣ, ನಿಮ್ಮ ಜೊತೆ ಒಂದೊಂದು ಸೆಟ್ ಹಾಕ್ಕೊಳ್ಳಲಾ?” ಎಂದು ಕೇಳುವುದಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ.

ಒಬ್ಬರೇ ಇದ್ದು ಸಮಯವೂ ಕಡಿಮೆಯಿದ್ದರೆ ಎದುರುಬದುರು ಕೆಲಸ ಮಾಡುವ ಸ್ನಾಯುಗಳನ್ನು ಜೋಡಿ ಮಾಡಿಕೊಳ್ಳಿ: ತಳ್ಳುವ ಬೆಂಚ್ ಪ್ರೆಸ್ ಒಂದು ಸೆಟ್, ಒಂದು ನಿಮಿಷ ಬಿಡುವು, ಎಳೆಯುವ ಡಂಬೆಲ್ ರೋ ಒಂದು ಸೆಟ್, ಮತ್ತೆ ಒಂದು ನಿಮಿಷ ಬಿಡುವು. ಹೀಗೆ ಮಾಡಿದರೆ ಎದೆಯ ಸ್ನಾಯುವಿಗೆ ಎರಡೂವರೆ ನಿಮಿಷಕ್ಕೂ ಹೆಚ್ಚು ಬಿಡುವು ಸಿಗುತ್ತದೆ, ಒಟ್ಟು ಸಮಯ ಬಹಳಷ್ಟು ಉಳಿಯುತ್ತದೆ. ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್‌ಗಳನ್ನು ಮಾತ್ರ ಹೀಗೆ ಜೋಡಿಸಬಾರದು. ಎರಡೂ ಸೊಂಟದ ಮೇಲೆಯೇ ಬೀಳುತ್ತವೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ತಗಡಿನ ಮಾಡಿನ ಜಿಮ್‌ನಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಎದೆಬಡಿತ ಬೇಗ ಇಳಿಯುವುದಿಲ್ಲ. ಅಂಥ ದಿನ ಪ್ರತಿ ಬಿಡುವಿಗೂ ಒಂದು ನಿಮಿಷ ಸೇರಿಸಿ ಒಂದು ಸೆಟ್ ಕಡಿಮೆ ಮಾಡುವುದು ವಿವೇಕ.

ಒಂದು ದಿನದಿಂದ ಇನ್ನೊಂದು ದಿನಕ್ಕೆ

ಸೆಟ್‌ಗಳ ನಡುವಿನ ನಿಮಿಷಗಳು ಇಂಧನವನ್ನು ಮರಳಿ ತುಂಬುತ್ತವೆ. ತಂತುಗಳ ದುರಸ್ತಿಗೆ ದಿನಗಳೇ ಬೇಕು. ಒಂದೇ ಸ್ನಾಯುವಿಗೆ ಮತ್ತೆ ಭಾರಿ ಕೆಲಸ ಕೊಡುವ ಮೊದಲು 48ರಿಂದ 72 ಗಂಟೆ ಬಿಡುವುದು ಹೆಚ್ಚಿನವರಿಗೆ ಹೊಂದುತ್ತದೆ. ನೋವು ಪೂರ್ತಿ ಹೋಗುವವರೆಗೆ ಕಾಯಲೇಬೇಕೆಂದೇನಿಲ್ಲ. ಮೈ ಬಿಸಿ ಮಾಡುವ ಹಗುರ ಸೆಟ್‌ಗಳಲ್ಲೇ ಉತ್ತರ ಸಿಗುತ್ತದೆ: ಕಳೆದ ವಾರ ಸಲೀಸಾಗಿ ಎದ್ದ ಅರ್ಧ ಭಾರ ಇಂದು ಎಳೆದಾಡಿದಂತಾದರೆ, ಅಥವಾ ಹತ್ತು ನಿಮಿಷ ಮೈ ಬಿಸಿಯಾದ ಮೇಲೂ ಸ್ನಾಯುವಿನ ನೋವು ಚಲನೆಯನ್ನು ತಡೆದರೆ, ಆ ದಿನ ಬೇರೆ ಸ್ನಾಯುಗಳ ಕೆಲಸ ಮಾಡಿ. ಸುಮಾರಾದ ಮೈಕೈ ನೋವಿಗೆ ಹಗುರವಾದ ನಡಿಗೆ ಹಿತ ಕೊಡುತ್ತದೆ. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಬಿಸಿನೀರು ಹಾಕಿಕೊಳ್ಳುವ ನಮ್ಮ ಮನೆಗಳ ಪದ್ಧತಿಯನ್ನು ಬಿಡಬೇಕಾಗಿಲ್ಲ. ತಿಕ್ಕುವುದರಿಂದ ನೋವಿನ ಅನುಭವ ಸ್ವಲ್ಪಮಟ್ಟಿಗೆ ತಗ್ಗುತ್ತದೆಂಬುದಕ್ಕೆ ಆಧಾರವಿದೆ. ವ್ಯಾಯಾಮದ ನಂತರದ ಸ್ಟ್ರೆಚಿಂಗ್ ಮಾರನೆಯ ದಿನದ ನೋವನ್ನು ಗಮನಾರ್ಹವಾಗಿ ತಡೆಯುವುದಿಲ್ಲ.

ದುರಸ್ತಿಗೆ ಬೇಕಾದ ಕಚ್ಚಾವಸ್ತು ಪ್ರೋಟೀನ್. ಭಾರ ಎತ್ತುವವರಿಗೆ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಸಾಕು. 60 ಕೆಜಿಯವರಿಗೆ 96 ಗ್ರಾಂ ಆಯಿತು. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಿಂದ ಸಿಗುವುದು ಏಳು ಗ್ರಾಂ ಮಾತ್ರ, ಆದ್ದರಿಂದ ಮುದ್ದೆಯ ಜೊತೆಗಿನ ಸಾರು ಏನು ಎಂಬುದೇ ಮುಖ್ಯವಾಗುತ್ತದೆ. ಐವತ್ತು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು ಹನ್ನೊಂದು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ ಹದಿನಾರು ಗ್ರಾಂ ಇದೆ. ಬಸ್ಸಾರಿನ ಕಾಳನ್ನು ತಟ್ಟೆಯ ಅಂಚಿಗೆ ಸರಿಸಿ ಬರೀ ಸಾರಿನಲ್ಲಿ ಮುದ್ದೆ ನುಂಗುವವರು, ಆಮೇಲೆ ಅಂಗಡಿಯಿಂದ ದುಬಾರಿ ಪುಡಿ ತರುವ ಮೊದಲು ಆ ಕಾಳನ್ನು ತಿನ್ನಲಿ. ನಿದ್ರೆ ಏಳೆಂಟು ಗಂಟೆ ಇರಬೇಕು. ಅದಿಲ್ಲದೆ ಉಳಿದ ಯಾವ ಲೆಕ್ಕವೂ ಸರಿಹೋಗುವುದಿಲ್ಲ.

ನೋವಿನ ಮಾತ್ರೆಯನ್ನು ದಿನಚರಿ ಮಾಡಿಕೊಳ್ಳಬಾರದು. ಐಬುಪ್ರೊಫೆನ್ನನ್ನು ದಿನಕ್ಕೆ 1,200 ಮಿಲಿಗ್ರಾಂನಂತೆ ಎಂಟು ವಾರ ನುಂಗಿದ ಯುವಜನರಲ್ಲಿ ಸ್ನಾಯುವಿನ ಬೆಳವಣಿಗೆ ಕಡಿಮೆಯಾಗಿದ್ದು ಕಂಡಿದೆ; ಮೈಯಲ್ಲಿ ನೀರು ಕಡಿಮೆಯಿದ್ದಾಗ ಈ ಮಾತ್ರೆಗಳು ಮೂತ್ರಪಿಂಡಕ್ಕೂ ಅಪಾಯ. ಪ್ರತಿ ವ್ಯಾಯಾಮದ ನಂತರ ಮಂಜುಗಡ್ಡೆಯ ನೀರಿನಲ್ಲಿ ಕೂರುವ ಹೊಸ ಗೀಳೂ ದೀರ್ಘಕಾಲದಲ್ಲಿ ಸ್ನಾಯು ಬೆಳೆಯುವುದನ್ನು ತಗ್ಗಿಸುತ್ತದೆ.

ಒಂದು ಎಚ್ಚರಿಕೆಯನ್ನು ಹೊಸಬರೂ ಟ್ರೈನರ್‌ಗಳೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಭ್ಯಾಸವಿಲ್ಲದ ಮೈಯನ್ನು ಮೊದಲ ದಿನವೇ ಬಿಡುವಿಲ್ಲದೆ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯುಗಳು ತೀವ್ರವಾಗಿ ಒಡೆದು ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಹರಿದು ಮೂತ್ರಪಿಂಡಗಳನ್ನು ಕೆಡಿಸಬಹುದು. ಅಳತೆ ಮೀರಿದ ನೋವು, ಸ್ನಾಯು ಊದಿ ಕೈಕಾಲು ಮಡಿಸಲಾಗದಿರುವುದು, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣಗಳು. ಇವು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಅಥವಾ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಪರೀಕ್ಷೆ, ಮದುವೆ, ಕಬ್ಬು ಕಡಿಯುವ ಕೆಲಸ, ಜ್ವರ ಯಾವುದೇ ಕಾರಣದಿಂದ ತಿಂಗಳುಗಟ್ಟಲೆ ವ್ಯಾಯಾಮ ಬಿಟ್ಟು ಮರಳುವವರೂ ಹೊಸಬರಂತೆಯೇ ಆರಂಭಿಸಬೇಕು, ಏಕೆಂದರೆ ಹಿಂದಿನ ಅಭ್ಯಾಸ ಕೊಟ್ಟಿದ್ದ ರಕ್ಷಣೆ ಅಷ್ಟರಲ್ಲಿ ಕರಗಿರುತ್ತದೆ, ಎತ್ತುತ್ತಿದ್ದ ಭಾರದ ನೆನಪು ಮಾತ್ರ ಉಳಿದಿರುತ್ತದೆ. ಮೊದಲ ವಾರ ಹಳೆಯ ಭಾರದ ಅರ್ಧದಷ್ಟು ಇಟ್ಟುಕೊಂಡು, ಪ್ರತಿ ವ್ಯಾಯಾಮಕ್ಕೆ ಎರಡೇ ಸೆಟ್ ಮಾಡಿ, ಇನ್ನೂ ನಾಲ್ಕು ಸಲ ಎತ್ತಬಲ್ಲೆ ಎನಿಸಿದಾಗಲೇ ನಿಲ್ಲಿಸಿ, ನಡುವೆ ಎರಡರಿಂದ ಮೂರು ನಿಮಿಷ ಕಾಯಿರಿ. ಎರಡನೆಯ ವಾರ ಭಾರವನ್ನು ಮುಕ್ಕಾಲಿಗೆ ಏರಿಸಬಹುದು, ಸೆಟ್‌ಗಳು ಎರಡೇ ಇರಲಿ. ಮೂರನೆಯ ವಾರ ಮೂರನೆಯ ಸೆಟ್ ಸೇರಿಸಿ. ಆ ಸೆಟ್‌ನ ಎಣಿಕೆ ಮೊದಲನೆಯದಕ್ಕಿಂತ ಎರಡಕ್ಕಿಂತ ಹೆಚ್ಚು ಕಡಿಮೆಯಾಗದಿದ್ದರೆ ಮುಂದಿನ ವಾರ ಹಳೆಯ ಭಾರವನ್ನು ಮುಟ್ಟಿ ನೋಡಿ.